ನೀಲಿ ಅಂಚಿನ ಬಟ್ಟಲು

ಬೋರಲು ಹಾಕಿದ ತವೆಯ ಮೇಲೆ ರೊಟ್ಟಿ ಉಬ್ಬಿ ಉಸ್ಸೆಂದಿತು, ಬಖ್ತಾವರ್ ಅದನ್ನು ಬೆರಳ ತುದಿಯಲ್ಲೇ ಎತ್ತಿ ಆಚೆಗೆ ಒಗೆದಳು, ಸುಟ್ಟರೆ ಸುಡಲಿ, ಈ ಬೆರಳಿಗೆ ಏನಾದರೆ ಯಾರಿಗೇನು — ಅಲ್ಲಲ್ಲ, ಇವತ್ತು ಭಾರಿ ಬೆಲೆ ಬಂದಿದೆ ಈ ಬೆರಳಿಗೆ, ಬೆಳಗಿನಿಂದ ಓರಗಿತ್ತಿ ಜಿಂದನ್ ಬೆನ್ನು ಬಿಟ್ಟಿಲ್ಲ, ಬಖ್ತೀ, ನನ್ನ ಮಗನ ನಿಶ್ಚಯಕ್ಕೆ ಬೀಗರು ಬರ್ತಿದಾರೆ, ನಿನ್ನಷ್ಟು ತೆಳ್ಳಗೆ ಯಾರು ಮಾಡ್ತಾರೆ ಹೇಳು, ಸೋಹಬತ್ ಊಟ ಅಂದ್ರೆ ನಿನ್ನ ಕೈಯದ್ದೇ ಆಗ್ಬೇಕು ಕಣೇ. ಕೈಯದ್ದೇ ಆಗಬೇಕಂತೆ! ಕೋಳಿಸಾರು ತೆಳ್ಳಗೆ ಕುದಿಯುತ್ತಿದೆ, ಇನ್ನು ರೊಟ್ಟಿ ಹರಿದು ಅಗಲ ತಟ್ಟೆಯ ಪರಾತದ ತುಂಬ ಹಾಸಬೇಕು, ಮೇಲೆ ಸಾರು, ಸಾರಿನ ಮೇಲೆ ಕೋಳಿ, ಪಕ್ಕಕ್ಕೆ ಈರುಳ್ಳಿ, ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಎಲ್ಲರೂ ಅದೇ ಪರಾತಕ್ಕೆ ಕೈ ಹಾಕಬೇಕು — ಮದುವೆಯಾಗಿ ಬಂದ ದಿನ ಅತ್ತೆ ಹೀಗೇ ಎಳೆದು ಕೂರಿಸಿಕೊಂಡಿದ್ದಳು, ತಿನ್ನು ಮಗಳೇ, ಇನ್ನು ನೀನು ನಮ್ಮವಳು. ಆ ಮುದುಕಿ ಬದುಕಿದ್ದರೆ ಬಟ್ಟಲನ್ನು ಸಿಂಧೂ ನದಿಗೆ ಎಸೆದು ಬರುತ್ತಿದ್ದಳು. ಬಟ್ಟಲು. ನೀಲಿ ಅಂಚು, ಒಂದು ಕಡೆ ಬಣ್ಣ ಹಾರಿ ಕಪ್ಪಾದ ಚುಕ್ಕೆ. ತನಗೆ ಕ್ಷಯ ಎಂದು ಗೊತ್ತಾದಾಗ ಬೇರೆ ಕೂತು ಉಣ್ಣಲು ತಾನೇ ಕೇಳಿ ತೆಗೆದುಕೊಂಡದ್ದು, ಮನೆಯಲ್ಲಿ ಮಗು ಇತ್ತಲ್ಲ, ಮಗಳು ಸಮ್ಮೀ ಅಳುತ್ತ ಓಡಿ ಬಂದರೆ ತಾನೇ ದೂರ ತಳ್ಳುತ್ತಿದ್ದಳು, ಬರಬೇಡ, ಅಮ್ಮನ ಊಟ ಅಲ್ಲೇ ಇಟ್ಟು ಹಿಂದೆ ಸರಿ, ಹಾಂ, ಇನ್ನೂ ಹಿಂದೆ — ಗುಳಿಗೆ ನುಂಗಿ ನುಂಗಿ ಉಚ್ಚೆಯೆಲ್ಲ ಕಿತ್ತಳೆ ಬಣ್ಣ. ಡೇರಾ ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ನಗುತ್ತಾಳೆ, ವಾಸಿಯಾಯ್ತು ಹೋಗಮ್ಮ, ಯಾರ ಜೊತೆ ಬೇಕಾದ್ರೂ ಕೂತು ಉಣ್ಣು. ಅದು ಗೋಧಿ ಕೊಯ್ಲಿನ ಹೊತ್ತು, ಈಗ ಮುಂದಿನ ಬಿತ್ತನೆಯೂ ಮುಗಿದಿದೆ, ರೋಗ ಹೋಯಿತು, ಬಟ್ಟಲು ಹೋಗಲಿಲ್ಲ, ಜಿಂದನ್ ಇನ್ನೂ ಅದರಲ್ಲೇ ಬಡಿಸಿ ಮೂಲೆಗೆ ಕೂರಿಸುತ್ತಾಳೆ. ಗಂಡನಿಗೆ ಹೇಳಿದರೆ, ಇರ್ಲಿ ಬಿಡೇ, ಎಲ್ಲಿ ತಿಂದ್ರೂ ಅದೇ ಅನ್ನ ಅಲ್ವಾ — ನೀನು ತಿನ್ನಯ್ಯ ಹಾಗಾದರೆ, ಗೋಡೆ ನೋಡಿಕೊಂಡು ಒಬ್ಬನೇ ತಿನ್ನು, ಆಮೇಲೆ ಹೇಳು! ಅವಳು ರೊಟ್ಟಿ ಹರಿಯತೊಡಗಿದಳು, ಹರಿದಳು, ಹರಿದಳು, ಈ ಚೂರು ಜಿಂದನ್ ಬಾಯಿಗೆ, ಈ ಚೂರು ಬೀಗಿತ್ತಿಯ ಬಾಯಿಗೆ, ಒಂದೊಂದು ತುತ್ತಿಗೂ ತನ್ನ ಹತ್ತೂ ಬೆರಳು ತಾಗಿದೆ, ಆಗ ಯಾರಿಗೂ ಹೇಸಿಗೆಯಿಲ್ಲ, ಹರಿಯೋಕೆ ಆಗುವ ಕೈ ಉಣ್ಣೋಕೆ ಆಗದು, ನಾಚಿಕೆಗೆಟ್ಟವರು, ಇವತ್ತು ಕೂತೇ ಕೂರುತ್ತೇನೆ, ಬೀಗರ ಮುಂದೆ ಜಿಂದನ್ ಅದು ಹೇಗೆ ಎಬ್ಬಿಸುತ್ತಾಳೋ ನೋಡೋಣ.

ಕೂತಳು. ಹೆಂಗಸರ ಪರಾತ, ಹಬೆ, ಬಳೆಗಳು, ಜಿಂದನ್ ಕಣ್ಣಲ್ಲೇ ಗದರುತ್ತಿದ್ದಾಳೆ, ಗದರಲಿ, ಬಖ್ತಾವರ್ ತನ್ನ ಮುಂದಿನ ಜಾಗಕ್ಕೆ ಕೈ ಇಳಿಸುತ್ತಾಳೆ — ಬಿಸಿ, ಮೆತ್ತಗೆ, ಸಾರು ಕುಡಿದ ರೊಟ್ಟಿ ಬೆರಳ ಸಂದಿಯಲ್ಲಿ, ಎಷ್ಟು ಕಾಲವಾಯಿತು, ಪಕ್ಕದವಳ ಮೊಣಕಾಲು ಮೊಣಕಾಲಿಗೆ ತಾಗಿತು. ಬೀಗಿತ್ತಿ ಚಪ್ಪರಿಸುತ್ತ ಕೇಳುತ್ತಾಳೆ, ಅಬ್ಬಾ, ಏನು ಹದ, ಯಾರ ಕೈಯಡಿಗೆ ಇದು? ಜಿಂದನ್ ನುಂಗಿಕೊಂಡು, ನಮ್ಮ ಬಖ್ತಾವರ್‌ದೇ ಅಕ್ಕಾ. ನಮ್ಮ! ಗೆದ್ದೆ, ಅತ್ತೇ ನೋಡು, ಗೆದ್ದೆ, ಮೊದಲ ತುತ್ತು ಎತ್ತಬೇಕು — ಅಷ್ಟರಲ್ಲಿ ಪುಟ್ಟ ಹೆಜ್ಜೆಗಳ ಸಪ್ಪಳ, ಸಮ್ಮೀ, ಎರಡೂ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾಳೆ, ಅಮ್ಮಾ, ಮರೆತೇಬಿಟ್ಯಾ, ನಿನ್ನ ಬಟ್ಟಲು, ನಾನೇ ತೊಳೆದೆ, ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ. ಬೀಗಿತ್ತಿಯ ಕೈ ಪರಾತದಿಂದ ಮೆಲ್ಲಗೆ ಹಿಂದಕ್ಕೆ ಬಂತು, ಯಾವ ಕಾಯಿಲೆ ಎಂದು ಯಾರೋ ಪಿಸುಗುಟ್ಟಿದರು, ಬೈಯಬೇಕು, ಯಾರನ್ನು ಬೈಯುವುದು, ಜಿಂದನ್‌ಳನ್ನು, ಗಂಡನನ್ನು, ಈ ನಗುವ ಮುಖವನ್ನೇ — ಬಾರೇ ಕಂದಾ, ಇಲ್ಲಿ ನನ್ನ ಪಕ್ಕ ಕೂರು, ಬಾ — ಸಮ್ಮೀ ತಲೆಯಾಡಿಸಿದಳು, ಬಟ್ಟಲನ್ನು ನೆಲಕ್ಕಿಟ್ಟಳು, ಅಮ್ಮ ಕಲಿಸಿದ ಹಾಗೇ ಹಿಂದೆ ಸರಿದಳು, ಇನ್ನೂ ಹಿಂದೆ, ತುತ್ತು ಬೆರಳಲ್ಲೇ ಆರುತ್ತಿದೆ, ಬಟ್ಟಲು, ನೀಲಿ ಅಂಚು, ಅದರ ಮೇಲೆ ಕಪ್ಪು ಚುಕ್ಕೆ, ನೀಲಿ ಅಂಚು —