ಮೊದಲ ಹಿಡಿ ಮಣ್ಣು

ಅಟ್ಲಾಸ್ ಬೆಟ್ಟದ ಮೇಲೆ ಮೋಡ ಕಟ್ಟಿದ ದಿನವೇ ಸಿಹಾಮ್ ಬಂದಳು. ನನ್ನ ಅತ್ತೆ ಯಾಮ್ನಾಳ ಅಣ್ಣನ ಮಗಳು. ಹುಟ್ಟಿ ಬೆಳೆದದ್ದೆಲ್ಲ ಕಾಸಾಬ್ಲಾಂಕಾದಲ್ಲಿ. ಅಪ್ಪ ತೀರಿಹೋದ ಮೇಲೆ ಅವನ ಊರನ್ನು ಒಮ್ಮೆ ನೋಡಬೇಕೆನಿಸಿತಂತೆ. ಊರ ಕೋಟೆಯ ಬುರುಜು, ಖಾಲಿ ಓಣಿ, ಎಲ್ಲದರ ಫೋಟೊ ತೆಗೆದಳು. ಬೀಗ ಹಾಕಿದ ಅಪ್ಪನ ಮನೆಯ ಮುಂದೆ ಮಾತ್ರ ಕ್ಯಾಮೆರಾ ಕೆಳಗಿಳಿಸಿ ಸುಮ್ಮನೆ ನಿಂತಳು.

ಆ ಮನೆಯ ಗೋಡೆಯೇ ನಮ್ಮ ಮನೆಗೂ ಗೋಡೆ. ಹೋದ ಮಳೆಗೆ ಅದರ ಬುಡ ಕರಗಿತ್ತು. ಇನ್ನೊಂದು ಮಳೆ ತಡೆಯುವಂತಿರಲಿಲ್ಲ. ಮಣ್ಣು, ಹುಲ್ಲು ಕಲಸಿಟ್ಟಿದ್ದೆವು, ಆದರೆ ನಮ್ಮೂರ ಕಟ್ಟಳೆಯಂತೆ ಮನೆಯ ವಾರಸುದಾರರು ಮೊದಲ ಹಿಡಿ ಹಾಕದೆ ಬೇರೆಯವರು ಕೈ ಹಚ್ಚುವಂತಿಲ್ಲ.

ಅತ್ತೆ ಚಹಾ ಕೊಟ್ಟಳು, ರೊಟ್ಟಿಗೆ ಆಲಿವ್ ಎಣ್ಣೆ ಸುರಿದಳು, ಗೋಡೆಯ ಮಾತೆತ್ತಲಿಲ್ಲ. ನಾನು ಅವಳನ್ನು ಒಲೆಯ ಬಳಿ ಹಿಡಿದೆ.

"ಕೇಳ್ಬಾರ್ದಾ ಅತ್ತೆ? ನಾಳೆ ಹೊರಟುಹೋಗ್ತಾಳೆ."

"ಅತಿಥಿ ಹತ್ರ ಬೇಡೋದಾ? ನಿಮ್ಮಮ್ಮ ಇದನ್ನೇ ಕಲ್ಸಿದ್ದಾ?"

"ಗೋಡೆ ಬಿದ್ರೆ?"

"ಗೋಡೆ ಬೀಳ್ಲಿ. ನನ್ನ ಮರ್ಯಾದೆ ಬೀಳೋದು ಬೇಡ."

"ಮರ್ಯಾದೆ ಹೊದ್ಕೊಂಡು ಮಕ್ಕಳು ಮಲಗ್ತಾವಾ?" ಎಂದೆ. ಆ ಗೋಡೆಯ ಪಕ್ಕದಲ್ಲೇ ನನ್ನ ಮಕ್ಕಳು ಮಲಗುವುದು ಅತ್ತೆಗೂ ಗೊತ್ತಿತ್ತು.

ಬೆಳಿಗ್ಗೆ ಸಿಹಾಮ್ ಎಲ್ಲರ ತಲೆಗೂ ಮುತ್ತಿಟ್ಟು ಹೊರಟಳು. ಊರ ಹೆಬ್ಬಾಗಿಲಾಚೆ ಕಾರು ನಿಂತಿತ್ತು. ಅತ್ತೆ ಮಂಡಿ ಹಿಡಿದುಕೊಂಡು ಅವಳ ಹಿಂದೆಯೇ ನಡೆದಳು.

"ಬಾಗ್ಲು ದಾಟಿದ್ಯಾ ಮಗಳೇ?"

"ದಾಟಿದೆ ಅತ್ತೆ. ಯಾಕೆ?"

"ಇನ್ನು ನೀನು ಅತಿಥಿ ಅಲ್ಲ, ನಮ್ಮಣ್ಣನ ಮಗಳು. ಈಗ ಕೇಳ್ತೀನಿ. ನಿಮ್ಮಪ್ಪನ ಗೋಡೆಗೆ ಒಂದು ಹಿಡಿ ಮಣ್ಣು ಹಾಕು. ಇಲ್ಲಾಂದ್ರೆ ಅದು ಬೀಳುತ್ತೆ, ಅದ್ರ ಜೊತೆ ನಮ್ದೂ."

ಸಿಹಾಮ್ ಮುಖ ಕೆಂಪೇರಿತು. "ನಿನ್ನೆ ಇಡೀ ದಿನ ಜೊತೇಲೇ ಇದ್ದೆ! ಒಂದು ಮಾತು ಹೇಳೋಕಾಗ್ಲಿಲ್ವಾ?"

"ನೀನು ನನ್ನ ರೊಟ್ಟಿ ತಿಂತಿದ್ದೆ. ಆಗ ಹೇಗೆ ಕೇಳ್ಲಿ?"

ಡ್ರೈವರ್ ಹಾರ್ನ್ ಹೊಡೆದ. ಸಿಹಾಮ್ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಕಲಸಿದ ಮಣ್ಣನ್ನು ಎರಡೂ ಕೈಯಲ್ಲಿ ಎತ್ತಿ, ಗೋಡೆಗೆ ಮೆಲ್ಲಗೆ ಒತ್ತಿದಳು. ಅದು ಜಾರಿ ಕಾಲ ಮೇಲೆ ಬಿತ್ತು.

"ಸತ್ತವರ ಮುಖ ಸವರ್ತಿದ್ದೀಯಾ? ಜೋರಾಗಿ ಹೊಡಿ," ಎಂದಳು ಅತ್ತೆ.

ಸಿಹಾಮ್ ಒಂದು ಗಳಿಗೆ ಹಣೆಯನ್ನು ಗೋಡೆಗೆ ಆನಿಸಿ ನಿಂತಳು. "ಅಪ್ಪನ ಮುಖ ಕೊನೇಲಿ ನಂಗೆ ನೋಡೋಕೆ ಸಿಗ್ಲಿಲ್ಲ ಅತ್ತೆ," ಎಂದಳು. ಆಮೇಲೆ ಬಗ್ಗಿ ಮತ್ತೆ ಮಣ್ಣು ತೆಗೆದು ರಪ್ಪೆಂದು ಹೊಡೆದಳು.

ಅದು ನಿಂತಿತು. ನಾವೆಲ್ಲ ಅಂಗಿಯ ತೋಳು ಮಡಿಸಿ ಮಣ್ಣಿಗೆ ಕೈ ಹಾಕಿದೆವು.