ರುದ್ರಪ್ಪ ತುರಮರಿಯ ಹರಿಕೇನ್

ನಾನೊಂದು ಯುದ್ಧವಿಮಾನ. ಹರಿಕೇನ್ ಎಂಬ ಜಾತಿಯದು. ಹೆದರಬೇಡಿ, ನನ್ನ ಉದ್ದ ಒಂದೂವರೆ ಗೇಣು. ಒಡಲಲ್ಲಿ ಎಂಜಿನ್ನಿಲ್ಲ, ಬಂದೂಕಿನಲ್ಲಿ ಗುಂಡಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಾರಿದ ವಿಮಾನವನ್ನು ಮೂವತ್ತೆರಡು ಪಟ್ಟು ಕುಗ್ಗಿಸಿ ಮಾಡಿದ ಮಾದರಿ ನಾನು. ನನ್ನಂಥದ್ದನ್ನು ಜೋಡಿಸಲು ತಲೆ ನರೆತ ಗಂಡಸರು ತಿಂಗಳುಗಟ್ಟಲೆ ಕಣ್ಣು ಕೆಡಿಸಿಕೊಳ್ಳುತ್ತಾರೆ. ಯಾಕೆ ಎಂದರೆ, ಇತಿಹಾಸ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ನಗು ಬರುತ್ತಿತ್ತು.

ನಾನು ಹುಟ್ಟಿದ್ದು ಯುರೋಪಿನ ಚಳಿಯ ಊರೊಂದರ ಕಾರ್ ಶೆಡ್ಡಿನಲ್ಲಿ. ಅಲ್ಲೊಬ್ಬ ಗಡ್ಡದವನು ಮೆತ್ತಗಿನ ರಬ್ಬರಿನ ಅಚ್ಚಿಗೆ ಜೇನಿನಂಥ ರೆಸಿನ್ ಸುರಿದ. ಅದು ಬಿಸಿಯಾಗಿ, ಗಟ್ಟಿಯಾಗಿ ನಾನಾದೆ. ಪೂರ್ತಿ ನಾನಲ್ಲ, ಎರಡು ರೆಕ್ಕೆ, ಸೀಳಿದ ಒಡಲು, ಬಾಲ, ಚೂರುಪಾರು. ಅವನು ನನ್ನನ್ನು ಪೆಟ್ಟಿಗೆಗೆ ತುಂಬಿ ಮೇಲೆ ‘ಸೀಮಿತ ಸಂಖ್ಯೆಯಲ್ಲಿ ಮಾತ್ರ’ ಎಂದು ಅಚ್ಚು ಹಾಕಿಸಿದ. ನಿಜ ಏನೆಂದರೆ ಅವನ ಅಚ್ಚುಗಳು ಹರಿದುಹೋಗಿದ್ದವು. ಇನ್ನಷ್ಟು ಎರಕ ಹೊಯ್ಯಲು ಬರುತ್ತಿರಲಿಲ್ಲ, ಅಷ್ಟೇ. ಆದರೆ ಸಿಗುವುದಿಲ್ಲ ಎಂದರೆ ಸಾಕು, ಮನುಷ್ಯರು ಮುಗಿಬೀಳುತ್ತಾರೆ.

ಹಾಗೆ ಮುಗಿಬಿದ್ದವನು ಪುಣೆಯ ಒಬ್ಬ ಸಿರಿವಂತ. ನನ್ನನ್ನು ತರಿಸಿಕೊಂಡ, ಪೆಟ್ಟಿಗೆಯ ಮುಚ್ಚಳ ತೆಗೆದ, ದೇವರ ಕೋಣೆಯಲ್ಲಿ ನಿಂತವನ ಹಾಗೆ ಕಣ್ಣು ಮುಚ್ಚಿ ವಾಸನೆ ನೋಡಿದ, ಮತ್ತೆ ಮುಚ್ಚಿದ. ಅವನ ಕಪಾಟಿನಲ್ಲಿ ನನ್ನಂಥ ಪೆಟ್ಟಿಗೆಗಳು ಛಾವಣಿಯವರೆಗೆ ಇದ್ದವು. ಒಂದನ್ನೂ ಅವನು ಕಟ್ಟಲಿಲ್ಲ. ಕಟ್ಟಿದರೆ ಬೆಲೆ ಇಳಿಯುತ್ತದಂತೆ. ಅವನು ತೀರಿಕೊಂಡ ಮೇಲೆ ಸೊಸೆಯಂದಿರು ಕಪಾಟನ್ನೇ ಖಾಲಿ ಮಾಡಿದರು. ನಾನು ಬೆಳಗಾವಿಗೆ ಬಂದೆ.

ಇಲ್ಲಿ ನನ್ನ ಯಜಮಾನ ಡಾಕ್ಟರ್ ಜಗದೀಶ ತುರಮರಿ. ಹಲ್ಲಿನ ಡಾಕ್ಟರು. ಹೊರಗೆ ಜನ ಗಲ್ಲಕ್ಕೆ ಕೈಯಿಟ್ಟು ಕೂತಿರುತ್ತಿದ್ದರು. ಒಳಕೋಣೆಯಲ್ಲಿ ಈತ ನನ್ನ ಸೊಟ್ಟ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡುತ್ತಿದ್ದ. ಹಲ್ಲು ಕೊರೆಯುವ ಯಂತ್ರದಿಂದಲೇ ನನ್ನ ಅಂಚುಗಳನ್ನು ಉಜ್ಜಿದ. ಎರಕದಲ್ಲಿ ಗಾಳಿಗುಳ್ಳೆ ಬಿದ್ದು ಆದ ತೂತುಗಳಿಗೆ ಹುಳುಕುಹಲ್ಲಿಗೆ ತುಂಬುವ ಸಿಮೆಂಟನ್ನೇ ತುಂಬಿದ. ಕೈ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬಾಯಿ ಇತ್ತಲ್ಲ, ಅದು ಕೈಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

“ನಮ್ಮಜ್ಜ ಇದನ್ನ ಹಾರಿಸ್ತಿದ್ರು,” ಎಂದು ಕಂಡಕಂಡವರಿಗೆ ಹೇಳುತ್ತಿದ್ದ. “ಬರ್ಮಾ ಗಡಿಯೊಳಗ. ಜಪಾನಿನವರ ಎದುರು.”

ಈ ಕಥೆಯನ್ನು ಅವನು ಮೊದಲು ಹೇಳಿದ್ದು ಶಾಲೆಯಲ್ಲಿ, ಸಹಪಾಠಿಗಳ ಮುಂದೆ. ಆಮೇಲೆ ಹೆಣ್ಣು ನೋಡಲು ಹೋದ ಮನೆಯಲ್ಲಿ. ಆಮೇಲೆ ಕ್ಲಬ್ಬಿನಲ್ಲಿ. ಪ್ರತಿಸಲವೂ ಅಜ್ಜ ಒಂದಿಷ್ಟು ಮೇಲಕ್ಕೆ ಹಾರಿದರು. ಅಜ್ಜ ರುದ್ರಪ್ಪ ವಾಯುಪಡೆಯಲ್ಲಿ ಇದ್ದದ್ದು ನಿಜ. ಅಲ್ಲಿ ಏನು ಮಾಡುತ್ತಿದ್ದರು ಎಂದು ಈತ ಯಾರನ್ನೂ ಕೇಳಿರಲಿಲ್ಲ. ಕೇಳದಿದ್ದರೆ ಕಥೆ ಕೆಡುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ನನಗೆ ಹಸಿರು, ಮಣ್ಣುಬಣ್ಣ ಹಾಕಿದ. ರೆಕ್ಕೆಯ ಮೇಲೆ ಕೆಂಪಿಲ್ಲದ ನೀಲಿ ವೃತ್ತ ಬರೆದ. ಕೆಂಪು ಇದ್ದರೆ ದೂರದಿಂದ ಜಪಾನಿನ ವಿಮಾನವೆಂದು ನಮ್ಮವರೇ ಹೊಡೆಯುತ್ತಿದ್ದರಂತೆ. ಇಂಥ ಸಂಗತಿಗಳಲ್ಲಿ ಅವನು ಒಂದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಕೊನೆಗೆ ಭೂತಗನ್ನಡಿ ಕಣ್ಣಿಗೆ ಏರಿಸಿ, ಪೈಲಟ್ ಕೂರುವ ಜಾಗದ ಕೆಳಗೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಬರೆದ: ಫ್ಲೈಯಿಂಗ್ ಆಫೀಸರ್ ಆರ್. ತುರಮರಿ. ವೃತ್ತದ ಬಣ್ಣಕ್ಕೆ ಅಷ್ಟು ಪುಸ್ತಕ ತಿರುವಿದವನು ಈ ಸಾಲಿಗೆ ಒಂದು ಪುಟವನ್ನೂ ತಿರುವಲಿಲ್ಲ.

ಆ ವಾರವೇ ಬೈಲಹೊಂಗಲದಿಂದ ಅವನ ಸೋದರತ್ತೆ ನೀಲಗಂಗವ್ವ ಬಂದಳು. ರುದ್ರಪ್ಪನ ಉಳಿದಿರುವ ಒಬ್ಬಳೇ ಮಗಳು. ಹಲ್ಲಿನ ಸೆಟ್ ಸಡಿಲಾಗಿದೆ ಎಂದು ಬಂದವಳು ನನ್ನನ್ನು ನೋಡಿದಳು. ಅವಳಿಗೆ ಆ ಅಕ್ಷರ ಕಾಣಿಸಲಿಲ್ಲ. ಜಗದೀಶನೇ ಓದಿ ಹೇಳಿದ. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಅವಳು ಕುರ್ಚಿಯಲ್ಲಿ ಕೂತಳು.

“ನಮ್ಮಪ್ಪ ವಿಮಾನ ಎಲ್ಲಿ ಹಾರಿಸಿದ್ದೋ?” ಎಂದಳು. “ಬಿದ್ದ ವಿಮಾನದಾಗಿಂದ ಹುಡುಗರನ್ನ ಹೊರಗ ಎಳೀತಿದ್ದ. ಉರಿಯೂದ್ರಾಗ ಹೋಗಿ. ಅದ ಅವನ ಕೆಲಸ.”

ಜಗದೀಶ ಭೂತಗನ್ನಡಿ ಕೆಳಗಿಟ್ಟ.

“ನಮ್ಮನ್ಯಾಗ ಬದನಿಕಾಯಿ ಸುಡ್ತಿರಲಿಲ್ಲ, ಗೊತ್ತೈತೇನ್ ನಿನಗ? ಅವ್ವ ಒಮ್ಮಿ ಒಲಿಗೆ ಹಾಕಿದ್ದಳಂತ. ಆ ಸುಟ್ಟ ವಾಸನಿಗೆ ಅಪ್ಪ ಎದ್ದು ಹೊರಗ ಹೋದಾಂವ ಎರಡು ದಿನ ಮನಿಗೆ ಬರಲಿಲ್ಲ. ಆಮ್ಯಾಲೆ ಅವ್ವಗ ಇಷ್ಟ ಹೇಳಿದ್ನಂತ, ಆ ಹುಡುಗರು ನನ್ನ ಹೆಸರು ಹಿಡಿದು ಕರೀತಿದ್ರು ಅಂತ.” ಅವಳು ನನ್ನತ್ತ ಕೈ ತೋರಿಸಿದಳು. “ಆ ಹೆಸರು ಅಳಸು.”

“ಅತ್ತಿ, ಇದನ್ನ ಶಾಲಿಗೆ ಕೊಡ್ತೀನಂತ ಮಾತು ಕೊಟ್ಟೇನಿ. ಸಮಾರಂಭದ ಕಾರ್ಡ್ ಸೈತ ಅಚ್ಚಾಗ್ಯಾವು,” ಎಂದ ಜಗದೀಶ. “ಈಗ ಅದನ್ನ ಯಾರಿಗೆ ಹೇಳೂದು? ಕೇಳೂದರೆ ಯಾರಿಗೆ ಬೇಕಾಗೇತಿ?”

ಅವನ ಮುಖದಲ್ಲಿ ನಾಚಿಕೆಗಿಂತ ಕಿರಿಕಿರಿಯೇ ಹೆಚ್ಚಿತ್ತು. ಬೆಂಕಿಯೊಳಗೆ ಹೊಕ್ಕ ಅಜ್ಜನನ್ನು ಮನೆಯಲ್ಲೇ ಇಟ್ಟುಕೊಂಡು, ಎಲ್ಲಿಂದಲೋ ಒಬ್ಬ ಪೈಲಟನನ್ನು ಎರವಲು ತಂದವನು. ಇಂಥ ದಡ್ಡನ ಕೈಯಲ್ಲಿ ನಾನು ಆಕಾರ ಪಡೆದೆನಲ್ಲ ಎಂದು ನನಗೆ ಅಸಹ್ಯವಾಯಿತು.

ಶಾಲೆಯ ಸಮಾರಂಭ ಭರ್ಜರಿಯಾಗಿ ನಡೆಯಿತು. ಜಗದೀಶ ಓದಿದ ಹೈಸ್ಕೂಲು ಅದು. ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಹಿತ್ತಾಳೆಯ ಫಲಕ ಬಡಿದು, ಫಲಕಕ್ಕೆ ಮಾಲೆ ಹಾಕಿದ್ದರು. ಮುಖ್ಯ ಅತಿಥಿಯಾಗಿ ಬಂದಿದ್ದ ನಿವೃತ್ತ ಸೇನಾಧಿಕಾರಿ ದೇಶಭಕ್ತಿಯ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ ಮುಂದಿನ ಸಾಲಿನಲ್ಲಿ ಇಬ್ಬರು ಮಾಸ್ತರರು ತೂಕಡಿಸಿದರು. ಆಮೇಲೆ ಹೆಡ್ಮಾಸ್ತರರಿಗೆ ಹೊಳೆಯಿತು: ವೀರನ ಮಗಳೇ ಇಲ್ಲಿದ್ದಾಳಲ್ಲ, ಎರಡು ಮಾತಾಡಲಿ. ಜಗದೀಶ ಕೈಯಲ್ಲೇ ಬೇಡ ಬೇಡವೆಂದು ಸನ್ನೆ ಮಾಡಿದ. ಯಾರೂ ನೋಡಲಿಲ್ಲ.

ನೀಲಗಂಗವ್ವ ಸೆರಗು ಹೊದ್ದು ಮೈಕಿನ ಮುಂದೆ ನಿಂತಳು.

“ನಮ್ಮಪ್ಪ ವಿಮಾನ ಹಾರಿಸಲಿಲ್ರೀ,” ಎಂದಳು. “ಕೆಳಗ ಬಿದ್ದವರನ್ನ ತೆಗೀತಿದ್ದ. ಕೆಲವರು ಬದುಕಿದ್ರು. ಭಾಳ ಮಂದಿ ಬದುಕಲಿಲ್ಲ. ಅಷ್ಟ್ರೀ.”

ನಾನು ಜಗದೀಶನನ್ನು ನೋಡುತ್ತಿದ್ದೆ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಇನ್ನು ಮುಗಿಯಿತು ಎಂದುಕೊಂಡಿರಬೇಕು. ನಾನೂ ಹಾಗೇ ಎಂದುಕೊಂಡೆ, ಖುಷಿಯಿಂದ. ಆದರೆ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹೆಡ್ಮಾಸ್ತರರು ಮೈಕು ಕಸಿದುಕೊಂಡರು.

“ನೋಡ್ರಿ, ಎಂಥಾ ವಿನಯ. ವೀರರ ಮನೆತನದವರು ತಮ್ಮ ದೊಡ್ಡಸ್ತಿಕೆ ತಾವು ಹೇಳಿಕೊಳ್ಳೂದಿಲ್ಲ.”

ಚಪ್ಪಾಳೆ ಇನ್ನೂ ಜೋರಾಯಿತು. ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿಬಿಟ್ಟರು. ಜಗದೀಶ ಎದ್ದು ನಿಂತ. ಒಂದು ಕ್ಷಣ ಅವನು ಮಾತಾಡುತ್ತಾನೇನೋ ಅನ್ನಿಸಿತು. ಅವನು ಕೈಜೋಡಿಸಿ ನಮಸ್ಕಾರ ಮಾಡಿದ. ಅಂದು ಆ ಸಭೆಯಲ್ಲಿದ್ದವರಲ್ಲಿ ಯಾರು ಹೆಚ್ಚು ಕೀಳು ಎಂದು ನಾನು ಗಾಜಿನೊಳಗಿಂದ ಬಹಳ ಕಾಲ ಯೋಚಿಸಿದೆ. ಕೇಳಿಸಿಕೊಳ್ಳದವರೋ, ಕೇಳಿಯೂ ಕೈಮುಗಿದವನೋ?

ಹೆಡ್ಮಾಸ್ತರರ ಕೋಣೆಯ ಹೊರಗೆ ನಾನು ಇಡೀ ಮಳೆಗಾಲ ಕಳೆದೆ. ದಸರಾ ರಜೆ ಮುಗಿದ ಮೇಲೆ ಜಗದೀಶ ಬಂದ. ಬಡವಾಗಿದ್ದ.

“ಸ್ವಲ್ಪ ರಿಪೇರಿ ಐತ್ರಿ ಸರ್,” ಎಂದು ಹೇಳಿ ನನ್ನನ್ನು ಮನೆಗೆ ಹೊತ್ತುಕೊಂಡು ಹೋದ.

ಏನಾಯಿತೆಂಬುದು ಅವನು ಹೆಂಡತಿ ಸುವರ್ಣಾಗೆ ಹೇಳುವಾಗ ನನಗೆ ತಿಳಿಯಿತು. ನೀಲಗಂಗವ್ವ ಆ ಸಮಾರಂಭದ ನಂತರ ಇವರ ಮನೆಗೆ ಕಾಲಿಟ್ಟಿರಲಿಲ್ಲ. ಪಂಚಮಿಗೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಕೊನೆಗೆ ಈತನೇ ಬೈಲಹೊಂಗಲಕ್ಕೆ ಹೋದ. ಅವಳು ಬೈಯಲಿಲ್ಲ. ಒಲೆ ಹೊತ್ತಿಸಿ ಎರಡು ದುಂಡನೆಯ ಬದನೆಕಾಯಿ ಕೆಂಡದ ಮೇಲಿಟ್ಟಳು. ಸಿಪ್ಪೆ ಸಿಡಿದು ಹೊಗೆ ಎದ್ದಿತು.

“ನಾ ಸುಡೂದು ಇದ ಮೊದಲ. ಎದ್ದು ಹೋಗಬ್ಯಾಡ, ಕುಂದ್ರು,” ಎಂದಳಂತೆ.

“ನೀವು ಕುಂತ್ರಿ?” ಎಂದು ಸುವರ್ಣಾ ಕೇಳಿದಳು.

“ಕುಂತೆ. ಅತ್ತಿ ಅಳಾಕತ್ತಿದ್ಲು. ಆಕೀ ಅತ್ತದ್ದನ್ನ ನಾ ನೋಡೇ ಇರಲಿಲ್ಲ. ನಮ್ಮಪ್ಪ ಸತ್ತಾಗೂ.” ಅವನು ತಡೆದು ಹೇಳಿದ, “ಅಜ್ಜಾರ ಬಗ್ಗೆ ಒಂದು ಮಾತು ಸೈತ ನಾ ಕೇಳಿಲ್ಲ ನೋಡು. ಇಷ್ಟು ವರ್ಷ ಬರೇ ಹೇಳಿದೆ.”

ಮರುದಿನ ಅವನು ಗರಗಸ ಎತ್ತಿಕೊಂಡ. ನನ್ನ ಎಡರೆಕ್ಕೆಯನ್ನು ಬುಡದಲ್ಲೇ ಕುಯ್ದ. ಮೂತಿಯನ್ನು ಜಜ್ಜಿದ. ಪೈಲಟ್ ಕೂರುವ ಜಾಗದ ಕೆಳಗಿನ ಅಕ್ಷರಗಳನ್ನು ಮರಳುಕಾಗದದಿಂದ ಉಜ್ಜಿ ತೆಗೆದ. ಪಾರದರ್ಶಕ ಮುಚ್ಚಳವನ್ನು ಮೇಣದಬತ್ತಿಯ ಮೇಲೆ ಹಿಡಿದು ಕಮರಿಸಿದ. ರೆಸಿನ್ನಿಗೆ ನೋವಾಗುವುದಿಲ್ಲ. ಆದರೆ ನನಗೆ ಅವಮಾನವಾಯಿತು. ಪುಣೆಯ ಸಿರಿವಂತ ಮುಟ್ಟಲೂ ಹೆದರಿದ್ದ ಮೈ ಇದು. ಇವನಿಗೆ ಈಗಲಾದರೂ ಬಾಯಿಬಿಟ್ಟು ಜನರಿಗೆ ಹೇಳುವ ಧೈರ್ಯವಿಲ್ಲ, ಅದಕ್ಕೇ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಉಗಿದೆ.

ಮಸಿಬಣ್ಣ ಊದಿ ಮುಗಿಸಿದ ಮೇಲೆ ಅವನು ಕಟ್ಟುಹಲ್ಲಿನ ಮೇಣ ತೆಗೆದುಕೊಂಡು ಒಬ್ಬ ಮನುಷ್ಯನನ್ನು ಮಾಡತೊಡಗಿದ. ಬೆರಳುದ್ದದ ಮನುಷ್ಯ. ಖಾಕಿ ಚಡ್ಡಿ, ಬರಿಮೈ. ಅವನನ್ನು ನನ್ನ ಉಳಿದ ರೆಕ್ಕೆಯ ಮೇಲೆ ಮೊಣಕಾಲೂರಿ ನಿಲ್ಲಿಸಿದ. ಅವನ ತೋಳುಗಳು ನನ್ನೊಳಗೆ ಇಳಿದು, ಒಳಗೆ ಕೂರಿಸಿದ್ದ ಮೇಣದ ಪೈಲಟನ ಕಂಕುಳನ್ನು ಹಿಡಿದಿದ್ದವು.

ಶಾಲೆಯವರು ನನ್ನನ್ನು ವಾಪಸು ತೆಗೆದುಕೊಳ್ಳಲಿಲ್ಲ. ಜಗದೀಶ ಹೆಡ್ಮಾಸ್ತರರ ಎದುರು ನಿಂತು ಎಲ್ಲ ಹೇಳಿದ, ಶಾಲೆಯ ದಿನಗಳಿಂದ ಹಿಡಿದು. ನಾನು ಅವನ ತೋಳಿನಲ್ಲೇ ಇದ್ದೆ, ಎಲ್ಲವನ್ನೂ ಕೇಳಿಸಿಕೊಂಡೆ.

“ಅದೇನ ಇರಲಿ ಡಾಕ್ಟ್ರ,” ಎಂದರು ಹೆಡ್ಮಾಸ್ತರರು. “ಮಕ್ಕಳು ಇದನ್ನ ನೋಡಿ ಹೆದರ್ತಾರ್ರೀ. ಮೊದಲಿನದ ಚಂದಿತ್ತು.”

ಹಿತ್ತಾಳೆಯ ಫಲಕ ಇನ್ನೂ ಅಲ್ಲೇ ಇದೆಯಂತೆ. ಅದನ್ನು ಕೀಳಲು ಆಡಳಿತ ಮಂಡಳಿ ಒಪ್ಪಲಿಲ್ಲ. ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಈಗ ಖೋಖೋ ಪಂದ್ಯದ ಕಪ್ಪುಗಳಿವೆ. ಅಂಥವರಿಂದ ಬೇರೆ ಏನನ್ನು ನಿರೀಕ್ಷಿಸುವುದು?

ನಾನೀಗ ದವಾಖಾನೆಯಲ್ಲಿ, ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲಿದ್ದೇನೆ. ನನಗೆ ವಯಸ್ಸಾಯಿತು. ರೆಸಿನ್ ಸೊರಗುತ್ತಿದೆ, ಉಳಿದ ರೆಕ್ಕೆ ತುಸು ಬಾಗಿದೆ. ಬರುವವರು ಹೆಚ್ಚಾಗಿ ಪೇಪರ್ ತಿರುವುತ್ತಾರೆ, ಮೊಬೈಲ್ ಒತ್ತುತ್ತಾರೆ. ಕೆಲವರು ಕೇಳುತ್ತಾರೆ. ಕೇಳಿದವರಿಗೆ ಜಗದೀಶ ಹೇಳುತ್ತಾನೆ.

ಹೋದ ತಿಂಗಳು ನೀಲಗಂಗವ್ವ ಬಂದಳು. ಸೊಂಟ ಬಗ್ಗಿಸಿ ನನ್ನ ಮೇಲಿದ್ದ ಮನುಷ್ಯನನ್ನು ನೋಡಿದಳು. ಸುತ್ತ ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು.

“ಕೈ ಸಣ್ಣವಾಗ್ಯಾವು,” ಎಂದಳು. “ನಮ್ಮಪ್ಪನ ಕೈ ದೊಡ್ಡವಿದ್ದು.”

ಜಗದೀಶ ಚಿಮಟಿಗೆಯಿಂದ ಮೆಲ್ಲಗೆ ಆ ಮನುಷ್ಯನನ್ನು ಬಿಡಿಸಿಕೊಂಡು ಒಳಕೋಣೆಗೆ ಹೋದ. ಅವನು ತಿರುಗಿ ಬಂದಾಗ ಕೈಗಳು ದೊಡ್ಡವಾಗಿದ್ದವು, ದೇಹದ ಅಳತೆಗೆ ಒಂಚೂರೂ ಹೊಂದದಷ್ಟು ದೊಡ್ಡವು. ಮೂವತ್ತೆರಡರ ಲೆಕ್ಕದಲ್ಲಿ ಅದು ಶುದ್ಧ ತಪ್ಪು. ನನ್ನ ಇಡೀ ಮೈಯಲ್ಲಿ ಅಳತೆ ತಪ್ಪಿದ್ದು ಅದೊಂದೇ. ಅವುಗಳ ಭಾರ ನನ್ನ ಮೇಲೆ ಬಿತ್ತು, ನಾನು ಅಲುಗಾಡದೆ ನಿಂತುಕೊಂಡೆ.