ಮನೆಯೊಳಗೆ ಬಾರದ ದನಿ

ಹೆಂಗಸರ ವಾರ್ಡಿನ ಆಯಾಳನ್ನು ಎಲ್ಲರೂ ‘ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳ ತಾಯಿಯ ವಯಸ್ಸಿನವರಿಗೂ ಅವಳು ಅಕ್ಕನೇ. ಹೇಸಿಗೆ ಬಳಿಯುವಾಗಲೂ ಮುಖ ಸಿಂಡರಿಸಿದವಳಲ್ಲ. “ನಾಚ್ಕೋಬೇಡಿ ಅಜ್ಜಿ, ನಾನೇನು ರಾಜಕುಮಾರೀನಾ?” ಎಂದು ನಗಿಸುತ್ತಲೇ ಮಗ್ಗುಲು ತಿರುಗಿಸಿ, ಬೆನ್ನೊರೆಸಿ, ಪೌಡರು ಹಾಕಿ ಮುಗಿಸಿರುತ್ತಿದ್ದಳು. ಡ್ಯೂಟಿ ಮುಗಿಸಿ ಹೊರಟರೆ ಕೆಲವರು ಹಿಡಿದ ಕೈ ಬಿಡುತ್ತಿರಲಿಲ್ಲ.

ಮನೆಯಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು, ನೆನಪೂ ಮಸುಕಾಗಿತ್ತು. ಸೊಸೆಯನ್ನು ಗೋಳುಹೊಯ್ದುಕೊಂಡ ಅತ್ತೆಯೇನಲ್ಲ. ಎರಡು ಬಾಣಂತನ ಮಾಡಿದ ಜೀವ. ಹಾಗಿದ್ದೂ ಆ ಕೋಣೆಗೆ ಕಾಲಿಟ್ಟರೆ ಅವಳ ಮೈ ಉರಿಯುತ್ತಿತ್ತು. ದಿನವಿಡೀ ಮಾಡಿದ್ದನ್ನೇ ಮನೆಗೆ ಬಂದು ಮತ್ತೆ ಮಾಡಬೇಕಲ್ಲ! ತೋಳು ಹಿಡಿದು ಎಳೆದು ಬಟ್ಟೆ ಬದಲಿಸುತ್ತಿದ್ದಳು. ಒಂದು ತುತ್ತು ನುಂಗುವ ಮೊದಲೇ ಇನ್ನೊಂದನ್ನು ತುರುಕುತ್ತಿದ್ದಳು. “ಬಾಯಿ ತೆಗೀರಿ ಬೇಗ, ನಂಗೆ ಬೇರೆ ಕೆಲಸ ಇಲ್ವಾ?” ಗಂಡ ಮುಂದಿನ ಕೋಣೆಯಲ್ಲೇ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ. ಹೆಂಗಸರ ಮೈಕೈ ಮುಟ್ಟುವ ಕೆಲಸ ತನ್ನಿಂದಾಗದು ಎಂದು ಮೊದಲೇ ಕೈ ತೊಳೆದುಕೊಂಡಿದ್ದ.

ಒಂದು ದಿನ ಅತ್ತೆಯ ಸೊಂಟದ ಕೆಳಗೆ ಚರ್ಮ ಕೆಂಪಾಗಿರುವುದು ಅವಳ ಕಣ್ಣಿಗೆ ಬಿತ್ತು. ಅದು ಹಾಸಿಗೆ ಹುಣ್ಣಿನ ಶುರು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ನೋಡಿದರಾಯಿತು ಎಂದುಕೊಂಡು ಹೊದಿಕೆ ಎಳೆದಳು.

ನಾಳೆ ನಾಳೆ ಎನ್ನುತ್ತಲೇ ವಾರಗಳು ಕಳೆದವು. ಮೈ ಕೆಂಡವಾಗಿ ಅತ್ತೆ ಬಡಬಡಿಸತೊಡಗಿದಾಗ ಗಂಡ ಹೆದರಿ ಆಸ್ಪತ್ರೆಗೆ ಹೊತ್ತು ತಂದ. ಅವಳದೇ ವಾರ್ಡು. ಹಿರಿಯ ನರ್ಸು ಬಟ್ಟೆ ಸರಿಸಿದವಳೇ ಮೂಗು ಮುಚ್ಚಿಕೊಂಡಳು.

“ಮೂಳೆ ಕಾಣ್ತಿದೆಯಲ್ಲೇ! ಇವರನ್ನ ನೋಡ್ಕೊಳ್ತಿದ್ದೋರು ಮನುಷ್ಯರಾ? ಬಾ ಅಕ್ಕ, ನೋಡಿಲ್ಲಿ.”

“ನಾನೇ, ಸಿಸ್ಟರ್,” ಎಂದಳು ಅವಳು. “ನಮ್ಮತ್ತೆ.”

ನರ್ಸು ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈಗವಸು ಚಾಚಿ, “ಹಾಕ್ಕೋ. ಆ ಕಡೆಯಿಂದ ಹಿಡ್ಕೋ,” ಎಂದಳು.

ಅಂದಿನಿಂದ ಅತ್ತೆಯ ಮಂಚ ಬಿಟ್ಟು ಅವಳು ಕದಲಲಿಲ್ಲ. ಹೂವೆತ್ತುವಂತೆ ಎತ್ತಿದಳು, ನೀರು ಬೆಚ್ಚಗಿದೆಯೇ ಎಂದು ತನ್ನ ಮೊಣಕೈಗೆ ಸೋಕಿಸಿ ನೋಡಿದಳು. ಯೂನಿಫಾರಂ ತೊಟ್ಟ ಸೊಸೆಯ ಗುರುತು ಮುದುಕಿಗೆ ಸಿಗಲಿಲ್ಲ.

“ನಿನ್ನ ಕೈ ಎಷ್ಟು ಮೆತ್ತಗಿದೆ ಮಗಳೇ,” ಎಂದರು ಒಮ್ಮೆ. ದನಿ ತಗ್ಗಿಸಿ, “ನನ್ನನ್ನ ಮನೆಗೆ ಕಳಿಸ್ಬೇಡ. ಅಲ್ಲೊಬ್ಳಿದಾಳೆ, ಎಳೆದಾಡ್ತಾಳೆ. ನಾನು ಹೇಳ್ದೆ ಅಂತ ಅವಳಿಗೆ ಹೇಳ್ಬಿಟ್ಟೀಯಾ ಮತ್ತೆ!”

“ಇಲ್ಲಮ್ಮ, ಹೇಳಲ್ಲ,” ಎಂದಳು ಅವಳು. ಅದು ನಾನೇ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಹೇಳಿದರೆ ಈ ಕೈಗೂ ಮುದುಕಿ ಹೆದರಿಯಾರು. ಬಾಯಿ ಕಟ್ಟಿಕೊಂಡು ಬೆನ್ನು ಸವರಿದಳು.

ನಂಜು ರಕ್ತಕ್ಕೇರಿತ್ತು. ವಾರ ಕಳೆಯುವುದರೊಳಗೆ ಅತ್ತೆ ತೀರಿಕೊಂಡರು.

ಮಣ್ಣು ಮಾಡಿ ಬಂದ ಸಂಜೆ ನಾದಿನಿ ಅವಳನ್ನು ತಬ್ಬಿಕೊಂಡು ಅತ್ತಳು. “ಹೆತ್ತ ಮಗಳು ನಾನು ಮಾಡ್ಲಿಲ್ಲ, ನೀವು ಮಾಡಿದ್ರಿ ಅತ್ತಿಗೆ.”

ಅವಳು ನಾದಿನಿಯ ಕೈ ಬಿಡಿಸಿದಳು. “ಆ ಹುಣ್ಣು ನಾನು ಮಾಡಿದ್ದು. ಕಂಡೂ ಬಿಟ್ಟೆ. ಎಳೆದಾಡ್ದೆ, ಗದರಿಸ್ದೆ. ಅಮ್ಮ ನನ್ನ ಕಂಡ್ರೆ ನಡುಗ್ತಿದ್ರು.”

ನಾದಿನಿ ಅಣ್ಣನತ್ತ ತಿರುಗಿದಳು. ಅವನು ನೆಲ ನೋಡುತ್ತಿದ್ದ.

“ನಂಗೆ ಕೇಳಿಸ್ತಿತ್ತು,” ಎಂದ. “ಅಮ್ಮ ನರಳಿದಾಗೆಲ್ಲ ರೇಡಿಯೋ ಜೋರು ಮಾಡ್ತಿದ್ದೆ.”

ನಾದಿನಿ ಇಬ್ಬರನ್ನೂ ಒಮ್ಮೆ ನೋಡಿ, ಚೀಲ ಎತ್ತಿಕೊಂಡು ಬರ್ತೀನಿ ಎಂದೂ ಹೇಳದೆ ಹೊರಟುಹೋದಳು.

ಗಂಡನ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುಗ್ಗಿ ಕೂತ ಅವನ ಬೆನ್ನು ಕಂಡು, “ಬೆಳಗಿಂದ ಏನಾದ್ರೂ ತಿಂದ್ರಾ?” ಎಂದು ವಾರ್ಡಿನ ಆ ಮೆತ್ತನೆಯ ದನಿಯಲ್ಲಿ ಕೇಳಿದಳು. ಅವನು ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಅವಳು ತಟ್ಟೆ ತರಲು ಎದ್ದಳು.